ತಾನಾಗಿ ಓಡಿದ ಎಂಜಿನ್

"ಕೀಲಿ ತಿರುಗಿಸಿ," ಅಂದರು ಮೇಡಂ. "ಕಾಲು ಮಾತ್ರ ಆಕ್ಸಿಲರೇಟರ್ ಕಡೆ ಸುಳಿಯಬಾರದು."

ಇನ್ಸ್‌ಪೆಕ್ಟರ್ ಕಾರಿನೊಳಗೆ ತುರುಕಿಕೊಂಡು ಕೂತಿದ್ದರು. ರೇಸಿಗೆ ಓಡಿಸುವ ಕಾರು. ಅದರ ಸೀಟು ಅವರ ಅರ್ಧ ಮೈಗೆ ಅಳತೆ ತೆಗೆದು ಮಾಡಿದ ಹಾಗಿತ್ತು. ಎರಡೂ ಕಾಲನ್ನು ಸೀಟಿನ ಬುಡಕ್ಕೆ ಎಳೆದುಕೊಂಡು, ಹಲ್ಲು ಕೀಳಿಸಿಕೊಳ್ಳಲು ಕೂತವರ ಮುಖ ಮಾಡಿ ಕೀಲಿ ತಿರುಗಿಸಿದರು.

ಎಂಜಿನ್ ಹತ್ತಿತು. ಮನೆ ಕಾರುಗಳ ಹಾಗೆ ನುಣ್ಣಗಲ್ಲ. ಧಡ್-ಧಡ್, ಧಡ್-ಧಡ್ ಅಂತ ಮೈ ಕುಲುಕಿಸುತ್ತಾ, ಆದರೆ ಒಂದೇ ತಾಳದಲ್ಲಿ. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಸ್ಪ್ಯಾನರುಗಳು ಸಣ್ಣಗೆ ಕಿಣಿಗುಟ್ಟಿದವು. ಪೆಡಲಿನ ಮೇಲೆ ಯಾರ ಕಾಲೂ ಇಲ್ಲ, ಆದರೂ ಎಂಜಿನ್ ಓಡುತ್ತಲೇ ಇತ್ತು.

ಶಟರ್ ಪೂರ್ತಿ ಮೇಲಕ್ಕೆತ್ತಿತ್ತು, ಹಿಂದಿನ ಕಿಟಕಿಯೂ ತೆರೆದಿತ್ತು. ಒಂದು ಸಾವಾದ ಶೆಡ್ಡಿನಲ್ಲಿ ಅಷ್ಟು ಬುದ್ಧಿ ಪೊಲೀಸರಿಗೂ ಬಂದಿತ್ತು.

ಇದೇ ಶೆಡ್ಡಿನಲ್ಲಿ, ಇದೇ ಕಾರು ಓಡುತ್ತಿದ್ದ ಹೊತ್ತಿನಲ್ಲಿ, ಭಾನುವಾರ ಸಂಜೆ ಗ್ಯಾರೇಜಿನ ಯಜಮಾನರು ಇಳಿಸಿದ ಶಟರಿನ ಹಿಂದೆ ಹೊಗೆ ಕುಡಿದು ಸತ್ತಿದ್ದರು. ಅದೇ ಮಧ್ಯಾಹ್ನ ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದ ಮೆಕ್ಯಾನಿಕ್ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ಮತ್ತೆ ಕೋರ್ಟಿಗೆ ಕರೆದೊಯ್ಯಬೇಕಿತ್ತು.

"ಓಡ್ತಾ ಇದೆಯಲ್ಲ ಮೇಡಂ," ಅಂದರು ಇನ್ಸ್‌ಪೆಕ್ಟರ್, ಕಿಟಕಿಯಿಂದ ತಲೆ ಹೊರಗೆ ಹಾಕಿ. "ನಾನೂ ಅದನ್ನೇ ತಾನೆ ಹೇಳ್ತಿರೋದು? ನಿಮ್ಮ ಹುಡುಗ ಎಂಜಿನ್ ಓಡೋಕೆ ಬಿಟ್ಟ, ಶಟರ್ ಇಳಿಸಿದ, ಮನೆಗೆ ಹೋದ. ಯಜಮಾನರು ಮನೆ ಕಡೆ ಬಾಗಿಲಿಂದ ಒಳಗೆ ಬಂದು ಕುರ್ಚಿ ಮೇಲೆ ಕೂತ್ರು, ಹಾಗೇ ಹೋಗ್ಬಿಟ್ರು. ನಿರ್ಲಕ್ಷ್ಯ. ಇದರಲ್ಲಿ ಪತ್ತೇದಾರಿ ಮಾಡೋಕೆ ಏನಿದೆ?"

ಮೇಡಂ ಮೂತಿ ಸೊಟ್ಟ ಮಾಡಿದರು. ಆ ಸೊಟ್ಟ ಅವರ ಮುಖದ ಕಾಯಂ ನಿವಾಸಿ. ಅಪಘಾತದ ಗಾಡಿಗಳನ್ನು ಪರೀಕ್ಷಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಜನರ ಸುಳ್ಳು ಕೇಳಿ ಕೇಳಿ ಬಂದದ್ದು. ಆ ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಗೆ ಇಳಿದ ಮೇಲೂ ಹೋಗಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವರನ್ನು ಸೊಟ್ಟಮೂತಿ ಅನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಅನ್ನುವವರ ಯೋಗ್ಯತೆಯೂ ಗೊತ್ತಿದ್ದರಿಂದ ತಲೆ ಕೆಡಿಸಿಕೊಂಡಿರಲಿಲ್ಲ.

"ಆರಿಸಿ ಇಳೀರಿ," ಅಂದರು. "ನಿಮಗೆ ಅರ್ಥ ಆಗೋ ಹಾಗೆ ಹೇಳಕ್ಕೆ ಸ್ವಲ್ಪ ಹೊತ್ತು ಬೇಕು."

ಇನ್ಸ್‌ಪೆಕ್ಟರ್ ಕಾರಿನಿಂದ ಬಿಡಿಸಿಕೊಂಡು ಬರುವವರೆಗೆ ಮೇಡಂ ಶೆಡ್ಡಿನಲ್ಲಿದ್ದವರನ್ನು ಒಂದು ಸುತ್ತು ನೋಡಿದರು. ನೋಡಿದ ಹಾಗೆಲ್ಲ ಮೂತಿ ಇನ್ನಷ್ಟು ಸೊಟ್ಟಗಾಯಿತು.

ಬಾಗಿಲ ಹತ್ತಿರ ಸತ್ತವರ ಮಗರಾಯ. ಅಪ್ಪನ ಗ್ಯಾರೇಜಿನಲ್ಲಿ ಒಂದು ನಟ್ಟು ಬಿಚ್ಚಿದವನಲ್ಲ, ಬಿಲ್ಲಿನ ಮೇಲೆ ಸಹಿ ಮಾಡಲು ಮಾತ್ರ ಕೈ ಬರುತ್ತಿತ್ತು. ಭಾನುವಾರ ಸಂಜೆ ಗೆಳೆಯರ ಜೊತೆ ತಿರುಗಾಡಿ ಬಂದು, ಶಟರ್ ಎತ್ತಿ, ಅಪ್ಪನನ್ನು ಕಂಡು, ಎಂಜಿನ್ ಆರಿಸಿದವನು ಇವನೇ. ಆಮೇಲೆ ಪೊಲೀಸರು ಬಂದು ಕಾರಿನ ಬಾಗಿಲು, ಬಾನೆಟ್ಟು ಎಲ್ಲಕ್ಕೂ ಸೀಲು ಒತ್ತಿದ್ದರು. ಅವರು ನೆಟ್ಟಗೆ ಮಾಡಿದ ಕೆಲಸ ಅದೊಂದೇ.

ಕೆಲಸದ ಮೇಜಿಗೆ ಒರಗಿ ನಿಂತವನು ಟ್ಯೂನರ್. ಲ್ಯಾಪ್‌ಟಾಪ್ ಹಿಡಿದು ಎಂಜಿನ್ನುಗಳಿಗೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಅಂತ ಬರೆದು ಕೊಡುವುದು ಅವನ ಕಸುಬು. ತನಗೆ ತಾನೇ 'ಎಂಜಿನ್ ಡಾಕ್ಟರ್' ಅಂತ ಹೆಸರಿಟ್ಟುಕೊಂಡು, ಟೀ ಶರ್ಟಿನ ಎದೆಯ ಮೇಲೂ ಬೆನ್ನ ಮೇಲೂ ಅಚ್ಚು ಹಾಕಿಸಿಕೊಂಡಿದ್ದ. ಮುಂದಿನಿಂದ ನೋಡಿ ನಂಬದವರು ಹಿಂದಿನಿಂದಲಾದರೂ ನಂಬಲಿ ಅಂತ ಇರಬೇಕು. ಉಗುರಿನ ಸಂದಿಯಲ್ಲಿ ಒಂದು ಚೂರು ಗ್ರೀಸು ಇರಲಿಲ್ಲ. ಮೇಡಂ ಮೊದಲ ಭೇಟಿಯಲ್ಲೇ ನೋಡಿದ್ದು ಆ ಉಗುರನ್ನು, ಅಸಹ್ಯಪಟ್ಟದ್ದೂ ಅಲ್ಲೇ.

ಮೂಲೆಯಲ್ಲಿ ಕಾನ್‌ಸ್ಟೇಬಲ್ ಪಕ್ಕ ಮೆಕ್ಯಾನಿಕ್. ಲಾಕಪ್ಪಿನಲ್ಲಿ ಇಳಿದುಹೋಗಿದ್ದ. ಅವನಿಂದ ನಾಲ್ಕು ಹೆಜ್ಜೆ ಆಚೆ, ಹಳೇ ಟೈರುಗಳ ರಾಶಿಯ ಪಕ್ಕ, ಅವನ ತಾಯಿ. ಆಸ್ಪತ್ರೆಯೊಂದರ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು. ಅಂಗೈಯ ಅಂಚೆಲ್ಲ ಹಳೇ ಸುಟ್ಟ ಕಲೆ. ಮೇಡಮ್ಮನ್ನು ಹುಡುಕಿಕೊಂಡು ಬಂದವಳು ಆಕೆಯೇ. ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಮಗ ಮಧ್ಯಾಹ್ನ ಕೆಲಸ ಮುಗಿಸಿ ಬಂದ, ಊಟ ಮಾಡಿ ಫ್ಯಾನಿನ ಕೆಳಗೆ ಮಲಗಿದ, ಸಂಜೆ ಪೊಲೀಸರು ಬಂದು ಎಬ್ಬಿಸಿದರು, ಇಷ್ಟೇ ನನಗೆ ಗೊತ್ತಿರೋದು ಅಂದಿದ್ದಳು. ಈ ಇಡೀ ಪ್ರಕರಣದಲ್ಲಿ ಮೇಡಂ ಗೌರವ ಇಟ್ಟುಕೊಂಡಿದ್ದ ಜೀವ ಅದೊಂದೇ.

ಇನ್ಸ್‌ಪೆಕ್ಟರ್ ಬಂದು ನಿಂತರು, ಬೆವರು ಒರೆಸಿಕೊಳ್ಳುತ್ತಾ.

"ಕೇಳಿ," ಅಂದರು ಮೇಡಂ. "ಎಂಜಿನ್ನಿಗೆ ಗಾಳಿ ಒಳಗೆ ಬರೋಕೆ ಒಂದು ಬಾಗಿಲು, ಹೊಗೆ ಹೊರಗೆ ಹೋಗೋಕೆ ಒಂದು ಬಾಗಿಲು. ಎರಡನ್ನೂ ತೆಗೆದು ಮುಚ್ಚೋದು ಕ್ಯಾಮ್‌ಶಾಫ್ಟ್. ಅರ್ಥ ಆಯ್ತಾ?"

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಪೊಲೀಸರು ತಲೆಯಾಡಿಸಿದರೆ ಅರ್ಥವಾಯಿತು ಅಂತ ಅರ್ಥವಲ್ಲ ಅನ್ನುವುದು ಮೇಡಮ್ಮಿಗೆ ಗೊತ್ತಿತ್ತು. ಆದರೂ ಮುಂದುವರಿಸಿದರು. ಹಳೇ ಕ್ಯಾಮ್ ಆ ಬಾಗಿಲುಗಳನ್ನು ಅಚ್ಚುಕಟ್ಟಾಗಿ ತೆಗೆದು ಮುಚ್ಚುತ್ತಿತ್ತು. ರೇಸಿನ ಹೊಸ ಕ್ಯಾಮ್ ಹಾಗಲ್ಲ. ಬಾಗಿಲನ್ನು ಜಾಸ್ತಿ ತೆಗೆಯುತ್ತದೆ, ಜಾಸ್ತಿ ಹೊತ್ತು ತೆರೆದಿಡುತ್ತದೆ, ಸ್ವಲ್ಪ ಹೊತ್ತು ಎರಡನ್ನೂ ಒಟ್ಟಿಗೇ ತೆರೆದಿಡುತ್ತದೆ. ವೇಗದಲ್ಲಿ ಓಡುವಾಗ ಅದರಿಂದ ಲಾಭ. ನಿಂತಲ್ಲೇ ಓಡುವಾಗ, ಅಂದರೆ ಐಡಲಿನಲ್ಲಿ, ಪೂರಾ ನಷ್ಟ. ಎಂಜಿನ್ನಿನ ಗಾಳಿ ಸೆಳೆತ ಬಿದ್ದುಹೋಗುತ್ತದೆ. ಆ ಸೆಳೆತ ಅಳೆದು ಪೆಟ್ರೋಲ್ ಹಾಕುವ ಕಂಪ್ಯೂಟರ್ ಪೆಟ್ಟಿಗೆಗೆ ಕ್ಯಾಮ್ ಬದಲಾದದ್ದು ಗೊತ್ತಿಲ್ಲ. ಸೆಳೆತ ಕಡಿಮೆ ಆಯಿತಲ್ಲ, ಯಾರೋ ಆಕ್ಸಿಲರೇಟರ್ ತುಳಿದಿರಬೇಕು ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಎಂಜಿನ್ ಅದರಲ್ಲೇ ಮುಳುಗಿ ಸಾಯುತ್ತದೆ.

"ಕಾಲಿಟ್ಟು ತುಳೀತಾ ಇದ್ರೆ ಓಡುತ್ತೆ. ಕಾಲು ತೆಗೆದ್ರೆ ನಿಲ್ಲುತ್ತೆ. ಪೆಟ್ಟಿಗೆಯೊಳಗಿನ ಲೆಕ್ಕವನ್ನ ಹೊಸ ಕ್ಯಾಮಿಗೆ ತಕ್ಕ ಹಾಗೆ ತಿದ್ದೋವರೆಗೂ ಇಷ್ಟೇ. ನಿಮ್ಮ ಲಾಕಪ್ಪಿನಲ್ಲಿರೋ ಹುಡುಗ ಮೊದಲ ದಿನವೇ ಇದನ್ನ ಹೇಳಿದ್ದ. ಶಾಫ್ಟ್ ಹಾಕಿ ಸ್ಟಾರ್ಟ್ ಮಾಡಿದೆ, ಕಾಲು ತೆಗೆದ್ರೆ ನಿಂತುಹೋಗ್ತಿತ್ತು, ಆರಿಸಿ ಕೀಲಿ ಯಜಮಾನರ ಕೈಗೆ ಕೊಟ್ಟೆ ಅಂತ. ನೀವು ಬರೆದುಕೊಂಡ್ರಿ, ಓದಲಿಲ್ಲ."

"ಈಗ ಓಡ್ತಲ್ಲ?"

"ಅದೇ ನನ್ನ ಪ್ರಶ್ನೆ."

ಮೇಡಂ ಡಾಕ್ಟರ್ ಕಡೆ ತಿರುಗಿ ಬೆರಳಲ್ಲಿ ಸನ್ನೆ ಮಾಡಿದರು. ಅವನು ಬಳುಕುತ್ತಾ ಬಂದು ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಚುಚ್ಚಿದ. ಈಗ ಪೆಟ್ಟಿಗೆಯಲ್ಲಿದ್ದ ಲೆಕ್ಕವನ್ನು, ಅವರ ಭಾಷೆಯಲ್ಲಿ ಮ್ಯಾಪನ್ನು, ಮೊದಲು ಪೆನ್‌ಡ್ರೈವಿಗೆ ಇಳಿಸಿ ಇನ್ಸ್‌ಪೆಕ್ಟರಿಗೆ ಕೊಡಿಸಿದರು. ಅವರು ಅದನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಡಾಕ್ಟರ್ ಎರಡು ತಿಂಗಳ ಹಿಂದೆ ಹಳೇ ಕ್ಯಾಮಿಗೆ ತಾನೇ ಬರೆದುಕೊಟ್ಟಿದ್ದ ಮ್ಯಾಪನ್ನು ಪೆಟ್ಟಿಗೆಗೆ ಹಾಕಿಸಿದರು.

ಈ ಸಲ ಮೇಡಮ್ಮೇ ಒಳಗೆ ಕೂತರು. ಕೀಲಿ ತಿರುಗಿಸಿದರು. ಎಂಜಿನ್ ಹತ್ತಿ, ಎರಡು ಸಲ ಎಗರಿ, ಕೆಮ್ಮಿ ನಿಂತಿತು. ಮತ್ತೆ ತಿರುಗಿಸಿದರು. ಮತ್ತೆ ನಿಂತಿತು. ಮೂರನೇ ಸಲ ಕಾಲಿಟ್ಟು ತುಳಿದರು, ಗರ್ ಅಂತ ಓಡಿತು. ಕಾಲು ತೆಗೆದರು, ಸತ್ತಿತು. ಶೆಡ್ಡಿನ ತುಂಬ ಹಸಿ ಪೆಟ್ರೋಲಿನ ವಾಸನೆ ಬಂತು.

ಇನ್ಸ್‌ಪೆಕ್ಟರ್ ಬಗ್ಗಿ ಪೆಡಲನ್ನು ನೋಡಿದರು. ತಡವಾಗಿ ಆದರೂ ಅವರ ತಲೆಯೊಳಗೂ ಏನೋ ಹತ್ತಿಕೊಂಡಂತೆ ಕಂಡಿತು.

"ಅಂದ್ರೆ ಇವನು ಹೋದಾಗ ಇದು ತಾನಾಗಿ ಓಡೋ ಸ್ಥಿತಿಯಲ್ಲೇ ಇರಲಿಲ್ಲ."

"ಇರಲಿಲ್ಲ."

"ಯಜಮಾನರೇ ತುಳೀತಾ ಕೂತಿರಬಹುದಲ್ಲ?"

"ಯಜಮಾನರು ಸಿಕ್ಕಿದ್ದು ಆ ಬೆತ್ತದ ಕುರ್ಚಿಯಲ್ಲಿ. ಅಲ್ಲಿಂದ ಪೆಡಲಿಗೆ ಕಾಲು ಎಟುಕಬೇಕು ಅಂದ್ರೆ ಜಿರಾಫೆ ಆಗಿರಬೇಕಿತ್ತು."

ಯಜಮಾನರಿಗೆ ಭಾನುವಾರ ಊಟವಾದ ಮೇಲೆ ಆ ಕುರ್ಚಿಯಲ್ಲಿ ಕೂತು ತೂಕಡಿಸುವ ಅಭ್ಯಾಸವಿತ್ತು. ಎಂಜಿನ್ನುಗಳ ನಡುವೆ ಆಯುಸ್ಸು ಕಳೆದು ಕಿವಿ ಮಂದವಾಗಿತ್ತು. ಲ್ಯಾಪ್‌ಟಾಪ್ ಕಂಡರೆ ಆಗುತ್ತಿರಲಿಲ್ಲ; ಅದನ್ನು ಮುಟ್ಟಿದವರ ಕೈಗೆ ಕಸುಬು ಹತ್ತುವುದಿಲ್ಲ ಅಂತ ಎಲ್ಲರ ಮುಂದೆ ಬೈಯುತ್ತಿದ್ದರು. ಆದ್ದರಿಂದ ಪೆಟ್ಟಿಗೆಯನ್ನು ಅವರೇ ತಿದ್ದಿರಬಹುದು ಅನ್ನುವ ಮಾತೇ ಬರುತ್ತಿರಲಿಲ್ಲ. ಇದನ್ನು ಮಗರಾಯನೂ ಒಪ್ಪಿಕೊಂಡ.

"ಹಾಗಾದ್ರೆ ಮೆಕ್ಯಾನಿಕ್ ಹೋದ ಮೇಲೆ ಯಾರೋ ಬಂದು ಇದನ್ನ ಸರಿ ಮಾಡಿದಾರೆ," ಅಂದರು ಇನ್ಸ್‌ಪೆಕ್ಟರ್. "ಹುಂ. ನಾಳೆ ಕೋರ್ಟಿನಲ್ಲಿ ಇದನ್ನ ಹೇಳ್ತೀನಿ. ಇವನನ್ನ ಇಟ್ಟುಕೊಳ್ಳೋಕೆ ಕಾರಣ ಉಳಿಯಲ್ಲ."

ತಾಯಿ ಟೈರುಗಳ ಮೇಲೆ ಮೆಲ್ಲಗೆ ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಗ ತಲೆ ಎತ್ತಲಿಲ್ಲ.

ಕೆಲಸ ಮುಗಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಚೀಲ ಹೆಗಲಿಗೆ ಹಾಕಿ ಮನೆಗೆ ಹೋಗಿರುತ್ತಿದ್ದರು. ಆದರೆ ಮೇಡಮ್ಮಿಗೆ ಗೆದ್ದದ್ದು ಸಾಲುತ್ತಿರಲಿಲ್ಲ. ಎದುರಿಗಿದ್ದವನು ನೆಲ ಮುಟ್ಟಿದ್ದನ್ನು ಕಣ್ಣಾರೆ ನೋಡಬೇಕಿತ್ತು. ಅದು ಅವರ ಹಳೇ ಚಾಳಿ, ಅದಕ್ಕೆ ಅವರು ಇಟ್ಟುಕೊಂಡಿದ್ದ ಹೆಸರು ನ್ಯಾಯ.

ಅವರು ನೋಡಬೇಕಾಗಿದ್ದದ್ದು ಎಂಜಿನ್ ಡಾಕ್ಟರನ್ನು.

ಲೆಕ್ಕ ಸುಲಭವಾಗಿತ್ತು. ಇಂಥ ಕ್ಯಾಮಿಗೆ ಮ್ಯಾಪ್ ಬರೆಯುವ ಕೈಗಳು ಬೀದಿ ಬೀದಿಯಲ್ಲಿ ಸಿಗುವುದಿಲ್ಲ. ಡಾಕ್ಟರ್ ಸೋಮವಾರ ಬರಬೇಕಿತ್ತು, ಯಜಮಾನರೇ ಕರೆದಿದ್ದರು. ಭಾನುವಾರ ಎಲ್ಲಿದ್ದೆ ಅಂದರೆ ಮನೆಯಲ್ಲೇ ಇದ್ದೆ ಅನ್ನುತ್ತಾನೆ, ನೋಡಿದವರಿಲ್ಲ. ಹೋದ ವರ್ಷ ಯಜಮಾನರು ಇವನನ್ನು ರೇಸಿನ ಮೈದಾನದಲ್ಲೇ ಎಲ್ಲರೆದುರು ಕೋತಿ ಅಂತ ಕರೆದಿದ್ದರು. ಇಂಥ ಜಂಬದವನಿಗೆ ಅಷ್ಟು ಸಾಕು. ಮೇಡಂ ಮೂರು ದಿನದಿಂದ ಇದೇ ಲೆಕ್ಕದ ಮೇಲೆ ನಿಂತಿದ್ದರು.

ಒಪ್ಪಿಸುವುದು ಹೇಗೆ? ಅದಕ್ಕೂ ದಾರಿ ಇತ್ತು. ಜಂಬದವರು ಕಳ್ಳತನದ ಆರೋಪ ತಡೆದುಕೊಳ್ಳುತ್ತಾರೆ, ಕೊಲೆಯ ಆರೋಪ ಕೂಡ ತಡೆದುಕೊಂಡಾರು. ಅವರ ಕೆಲಸವನ್ನು ಹೀಗಳೆದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಇದು ಮೇಡಮ್ಮಿನ ನಂಬಿಕೆ. ತಮ್ಮನ್ನೇ ನೋಡಿ ಕಲಿತದ್ದು ಅಂತ ಅವರಿಗೆ ಹೊಳೆದಿರಲಿಲ್ಲ.

"ಆ ಭಾನುವಾರದ ಮ್ಯಾಪ್ ಮತ್ತೆ ಹಾಕು," ಅಂದರು ಡಾಕ್ಟರಿಗೆ. "ತೆರೆಯ ಮೇಲೆ ತೋರಿಸು." ಹಿಂದಕ್ಕೆ ತಿರುಗದೆ, ಮನೆ ಕಡೆಯ ಸಣ್ಣ ಬಾಗಿಲಿನಲ್ಲಿ ಯಾರೋ ನಿಂತದ್ದು ಗೊತ್ತಾಗಿ, "ಎಲ್ಲರಿಗೂ ಒಂದೊಂದು ಟೀ ತಾಮ್ಮ," ಅಂದರು. ಆ ಯಾರೋ ಯಜಮಾನರ ಸೊಸೆ. ಹೋದಳು.

ಇನ್ಸ್‌ಪೆಕ್ಟರ್ ಪೆನ್‌ಡ್ರೈವ್ ಕೊಟ್ಟರು. ಮ್ಯಾಪ್ ಹತ್ತಿತು, ಕೀಲಿ ತಿರುಗಿಸಿದ್ದೇ ಎಂಜಿನ್ ಮತ್ತೆ ಧಡ್-ಧಡ್ ಅಂತ ಓಡಲು ಶುರುಮಾಡಿತು. ತೆರೆಯ ತುಂಬ ಚೌಕ ಚೌಕದೊಳಗೆ ಅಂಕಿಗಳು. ಮೇಡಂ ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಥೂ," ಅಂದರು. "ಇದನ್ನ ಯಾರು ಬರೆದದ್ದೋ, ಕೈ ಮುರೀಬೇಕು ಅವರದ್ದು. ಇದೇನಿದು ಐಡಲಿನಲ್ಲಿ ಪೆಟ್ರೋಲ್ ಇಷ್ಟು ಕಿತ್ತಿದಾರೆ? ಕಿಡಿ ನೋಡು, ಅಡ್ಡಾದಿಡ್ಡಿ. ಕಲಿಯೋಕೆ ಬಂದು ಅರ್ಧಕ್ಕೆ ಓಡಿಹೋದವರ ಕೆಲಸ. ರೋಗಿ ಬದುಕಿದ್ದೇ ಪವಾಡ, ಡಾಕ್ಟರ್ ಮಾತ್ರ ನಾಲಾಯಕ್ಕು."

ಹೇಳಿ ಅವನ ಮುಖ ನೋಡಿದರು. ಈಗ ಕೆಂಪಾಗಬೇಕು. ಈಗ ತುಟಿ ಕಚ್ಚಬೇಕು.

ಡಾಕ್ಟರ್ ಹಲ್ಲು ಕಿರಿದ.

"ಕರೆಕ್ಟಾಗಿ ಹೇಳಿದ್ರಿ ಮೇಡಂ," ಅಂದ. "ನಾನೂ ಅದನ್ನೇ ಅಂದ್ಕೊಂಡೆ. ಇಲ್ನೋಡಿ, ಇದಂತೂ ಜೋಕು. ಹೊಗೆ ಪೈಪಿನಲ್ಲಿ ಸೆನ್ಸರ್ ಇರುತ್ತಲ್ಲ, ಪೆಟ್ರೋಲ್ ಹೆಚ್ಚಾಯ್ತೋ ಕಡಿಮೆ ಆಯ್ತೋ ನೋಡಿ ಹೇಳೋದು? ಐಡಲಿನಲ್ಲಿ ಅದರ ಮಾತನ್ನೇ ಕೇಳದ ಹಾಗೆ ಆಫ್ ಮಾಡಿ ಇಟ್ಟಿದಾರೆ! ಎಬಿಸಿ ಗೊತ್ತಿಲ್ಲ ಸ್ವಾಮಿ. ನನ್ನ ಹತ್ತಿರ ಕೆಲಸಕ್ಕೆ ಬಂದಿದ್ರೆ ಅವತ್ತೇ ಗೇಟಿಂದ ಆಚೆ."

ಮನಸಾರೆ ನಕ್ಕ. ಆ ನಗೆಯಲ್ಲಿ ನಟನೆ ಇರಲಿಲ್ಲ. ಇಪ್ಪತ್ತು ವರ್ಷ ಸುಳ್ಳು ಕೇಳಿದ ಕಿವಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ. ಇವನು ಈ ಮ್ಯಾಪ್ ಬರೆದವನಲ್ಲ. ಬರೆದಿದ್ದರೆ ಹೀಗೆ ಉಗಿಯಲು ಅವನ ಬಾಯಿ ಬರುತ್ತಿರಲಿಲ್ಲ.

ಮೇಡಮ್ಮಿನ ಮೂರು ದಿನದ ಲೆಕ್ಕ ಮೇಜಿನ ಮೇಲೇ ಮಗುಚಿ ಬಿತ್ತು. ಬಿದ್ದದ್ದು ಯಾರಿಗೂ ಕಾಣದಿರಲಿ ಅಂತ ಇನ್ನೂ ನಾಲ್ಕು ಮಾತು ಸೇರಿಸಿ ಬೈದರು. ಡಾಕ್ಟರ್ ತಾನೂ ನಾಲ್ಕು ಸೇರಿಸಿದ. ಇಬ್ಬರೂ ಸೇರಿ ಗೊತ್ತಿಲ್ಲದ ಆ ಮೂರನೆಯವರನ್ನು ಚೆನ್ನಾಗಿ ತೊಳೆದರು.

"ಅದು ತಪ್ಪಲ್ಲ."

ಹೇಳಿದ್ದು ಸೊಸೆ. ಸಣ್ಣ ಬಾಗಿಲಿನಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಟೀಯ ಮೇಲೆ ಕೆನೆ ಕಟ್ಟಿತ್ತು.

"ಯಾವುದು ತಪ್ಪಲ್ಲ?" ಅಂದ ಡಾಕ್ಟರ್, ಇನ್ನೂ ನಗುತ್ತಲೇ.

"ಸೆನ್ಸರ್ ಆಫ್ ಮಾಡಿದ್ದು." ಆಕೆ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ದನಿಯಲ್ಲಿ ಸಿಟ್ಟಿತ್ತು. "ಈ ಕ್ಯಾಮಿಗೆ ಎರಡೂ ಬಾಗಿಲು ಒಟ್ಟಿಗೆ ತೆರೆದಿರುತ್ತೆ ಅಂತ ಈಗ ತಾನೆ ಮೇಡಮ್ಮೇ ಹೇಳಿದ್ರಲ್ಲ. ಹೊಸ ಗಾಳಿ ಸುಡದೇನೆ ನೇರ ಹೊಗೆ ಪೈಪಿಗೆ ಹೋಗುತ್ತೆ. ಸೆನ್ಸರ್ ಆ ಗಾಳಿ ನೋಡಿ ಪೆಟ್ರೋಲ್ ಸಾಲದು ಅನ್ನುತ್ತೆ. ಅದು ಸುಳ್ಳು. ಅದರ ಮಾತು ಕೇಳಿ ಸುರಿದ್ರೆ ಎಂಜಿನ್ ಮುಳುಗುತ್ತೆ. ಅದಕ್ಕೇ ಐಡಲಿನಲ್ಲಿ ಅದನ್ನ ನಂಬಬಾರದು. ಕಿಡಿ ಅಡ್ಡಾದಿಡ್ಡಿ ಅಲ್ಲ, ಎಂಜಿನ್ ನಿಲ್ಲೋಕೆ ಹೋದಾಗ ಎತ್ತಿ ಹಿಡಿಯಲಿ ಅಂತ ಹಾಗೆ ಇಟ್ಟಿರೋದು. ಬೈಯೋ ಮೊದಲು ಒಂದು ಸಲ ಓದಬೇಕಿತ್ತು."

ಡಾಕ್ಟರ್ ತೆರೆಯ ಕಡೆ ನೋಡಿದ. ಎಂಜಿನ್ ಓಡುತ್ತಲೇ ಇತ್ತು.

"ಇಟ್ಟಿರೋದು ಅಂದ್ರೆ, ಯಾರು ಇಟ್ಟಿರೋದು?" ಅಂದರು ಮೇಡಂ.

"ನಾನು."

ಮಗರಾಯ ಹೌಹಾರಿ, ಏನೇ ಇದು, ಹುಚ್ಚು ಹಿಡೀತಾ ಅಂದ. ಆಕೆ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನ ಕಿಟಕಿಯೊಳಗೆ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದಳು. ಶೆಡ್ಡು ಗಪ್ಪಾಯಿತು.

ಆಮೇಲೆ ಹೇಳಿದ್ದನ್ನು ಇನ್ಸ್‌ಪೆಕ್ಟರ್ ನಿಂತಲ್ಲೇ ಬರೆದುಕೊಂಡರು. ಮದುವೆಗೆ ಮೊದಲು ಆಕೆ ಎಂಜಿನ್ನುಗಳನ್ನು ಪರೀಕ್ಷೆಗೆ ಓಡಿಸುವ ಕಂಪನಿಯೊಂದರಲ್ಲಿ ಇದೇ ಕೆಲಸದಲ್ಲಿದ್ದವಳು. ಮದುವೆಯಾದ ಮೇಲೆ ಬಿಡಿಸಿದರು. ಮಾವನಿಗೆ ಲ್ಯಾಪ್‌ಟಾಪ್ ಆಗದು ಅನ್ನುವುದು ಊರಿಗೆ ಹೇಳುವ ಮಾತು; ಒಂದು ವರ್ಷದಿಂದ ಭಾನುವಾರ ಮಧ್ಯಾಹ್ನ, ಕೆಲಸದವರೆಲ್ಲ ಹೋದ ಮೇಲೆ, ಸೊಸೆಯನ್ನು ಕರೆದು ಕೂರಿಸಿಕೊಳ್ಳುತ್ತಿದ್ದರು. ಹೊರಗೆ ಗೊತ್ತಾದರೆ ಮರ್ಯಾದೆ ಹೋಗುತ್ತೆ, ಬಾಯಿ ಬಿಡಬೇಡ ಅಂದಿದ್ದರು. ಆ ಭಾನುವಾರವೂ ಕೂರಿಸಿಕೊಂಡರು. ನಾಳೆ ಆ ಕೋತಿ ಬಂದು ಹಾಳು ಮಾಡೋಕೆ ಮೊದಲು ನೀನೇ ನೋಡು ಅಂದರು. ಕೋತಿ ಅನ್ನುವಲ್ಲಿ ಸೊಸೆ ಡಾಕ್ಟರನ್ನು ಒಮ್ಮೆ ನೋಡಿದಳು, ಸಂಕೋಚವಿಲ್ಲದೆ.

ಮೇಡಂ ಸಾವರಿಸಿಕೊಂಡರು. ಸಾವರಿಸಿಕೊಳ್ಳಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಎದುರಿನವರ ಮೇಲೆ ಹಾಯುವುದು.

"ಒಬ್ಬ ಹುಡುಗ ಜೈಲಿನ ಬಾಗಿಲಲ್ಲಿ ನಿಂತಿದ್ದಾನೆ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಲ್ಲ ತಾಯಿ, ನಾಚಿಕೆ ಆಗಲಿಲ್ವಾ?"

"ನೀವು ಕೇಳಿದ್ರಾ?" ಅಂದಳು ಸೊಸೆ. "ಮೊದಲ ದಿನ ನೀರು ಕೇಳಿದ್ರಿ, ತಂದುಕೊಟ್ಟೆ. ಇವತ್ತು ಟೀ ಕೇಳಿದ್ರಿ, ತಂದಿದೀನಿ. ಇನ್ನೇನಾದ್ರೂ ಕೇಳಿದ್ರಾ?"

ಮೇಡಂ ಈ ಮನೆಗೆ ನಾಲ್ಕು ಸಲ ಬಂದಿದ್ದರು. ಮಗರಾಯನನ್ನು ಎರಡು ಗಂಟೆ ಕೂರಿಸಿಕೊಂಡು ಪ್ರಶ್ನೆ ಹಾಕಿದ್ದರು, ಪಕ್ಕದ ಮನೆಯವರನ್ನು ಬಿಟ್ಟಿರಲಿಲ್ಲ. ತಟ್ಟೆ ಹಿಡಿದು ಬಂದು ಹೋಗುವ ಈ ಹೆಂಗಸಿನ ಮುಖ ಹೇಗಿದೆ ಅಂತ ಈಗಲೇ ಸರಿಯಾಗಿ ನೋಡುತ್ತಿದ್ದದ್ದು. ತಾವೂ ಹೆಂಗಸಾಗಿ ಗಂಡಸರ ಶೆಡ್ಡುಗಳಲ್ಲಿ ಇಂಥದೇ ತಾತ್ಸಾರ ತಿಂದು ಬೆಳೆದವರು ಅವರು. ನಾಚಿಕೆ ಆಯಿತು. ಆದದ್ದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

"ಸರಿ, ಈಗ ಕೇಳ್ತೀನಿ. ಎಂಜಿನ್ ಓಡೋಕೆ ಬಿಟ್ಟವಳು ನೀನು."

"ಹೌದು. ಮಾವನೇ ಇರಲಿ ಬಿಡು, ಸ್ವಲ್ಪ ಹೊತ್ತು ಕೇಳ್ತೀನಿ ಅಂದ್ರು. ಆ ಕುರ್ಚಿಯಲ್ಲಿ ಕೂತಿದ್ರು. ಖುಷಿಯಾಗಿದ್ರು."

"ಶಟರ್?"

"ನಾನು ಎದ್ದು ಹೋದಾಗ ಪೂರ್ತಿ ಮೇಲಿತ್ತು. ಒಗೆದ ಬಟ್ಟೆ ಮಹಡಿ ಮೇಲೆ ಹಾಕೋದಿತ್ತು. ಅಡುಗೆ ಮನೆಗೆ ಹೊಗೆ ಬರುತ್ತೆ ಅಂತ ಈ ಸಣ್ಣ ಬಾಗಿಲು ಎಳೆದುಕೊಂಡು ಹೋದೆ. ಅಷ್ಟೇ."

"ಹಾಗಾದ್ರೆ ಶಟರ್ ಇಳಿಸಿದ್ದು ಯಾರು, ಗಾಳಿನಾ?"

ಸೊಸೆಯ ಕಣ್ಣು ಟೈರುಗಳ ಮೇಲೆ ಕೂತಿದ್ದ ತಾಯಿಯ ಕಡೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಬಿಡಿ ಮೇಡಂ," ಅಂದಳು, ದನಿ ತಗ್ಗಿಸಿ. "ನಿರ್ಲಕ್ಷ್ಯ ಅಂತ ಕೇಸ್ ಆಗಿತ್ತು. ಅಷ್ಟಕ್ಕೇ ಮುಗಿಯಲಿ ಅಂತಲೇ ನಾನು ಸುಮ್ಮನಿದ್ದದ್ದು. ನೀವು ಇಷ್ಟು ಕೆದಕದೆ ಇದ್ದಿದ್ರೆ ಚೆನ್ನಾಗಿತ್ತು."

ಇಲ್ಲಿಯೂ ಮೇಡಂ ನಿಲ್ಲಬಹುದಿತ್ತು. ಇನ್ಸ್‌ಪೆಕ್ಟರನ್ನು ಆಚೆ ಕಳಿಸಿ, ಈ ಹೆಂಗಸನ್ನು ಒಂದು ಕಡೆ ಕೂರಿಸಿ, ಮೆತ್ತಗೆ ಕೇಳಬಹುದಿತ್ತು. ಆದರೆ ಮೆತ್ತಗೆ ಕೇಳುವುದು ಅವರ ಜಾತಕದಲ್ಲೇ ಇರಲಿಲ್ಲ.

"ಕಥೆ ಕಟ್ಟಬೇಡ. ಗಂಡನನ್ನ ಉಳಿಸೋಕೆ ನೋಡ್ತಿದ್ದೀಯ ಅಂತ ಯಾರಿಗೆ ಗೊತ್ತಾಗಲ್ಲ? ಹೇಳೋದಿದ್ರೆ ಎಲ್ಲರ ಮುಂದೆ ಬಿಚ್ಚಿ ಹೇಳು. ಇಲ್ಲದಿದ್ರೆ ಈ ತಟ್ಟೆ ತಗೊಂಡು ಒಳಗೆ ಹೋಗು."

ಸೊಸೆಯ ಮುಖ ಬಿಗಿಯಿತು. ತಟ್ಟೆ ಮುಟ್ಟಲಿಲ್ಲ.

"ಬಟ್ಟೆ ಹಾಕ್ತಿದ್ದೆ. ಮೇಲಿಂದ ಅಂಗಳ ಪೂರ್ತಿ ಕಾಣುತ್ತೆ. ನಿಮ್ಮ ಮೆಕ್ಯಾನಿಕ್ ವಾಪಸ್ ಬಂದ. ಶೆಡ್ಡಿನ ಎದುರು ನಿಂತು ತುಂಬಾ ಹೊತ್ತು ಒಳಗೇ ನೋಡ್ತಿದ್ದ. ಆಮೇಲೆ ಶಟರ್ ಇಳಿಸಿದ."

ಇನ್ಸ್‌ಪೆಕ್ಟರಿನ ಪೆನ್ನು ನಿಂತಿತು.

"ನೋಡಿದವಳು ಕೂಗಲಿಲ್ವಾ?" ಅಂದರು ಅವರು.

"ಮಾವನೇ ಹೇಳಿರಬೇಕು ಅಂದ್ಕೊಂಡೆ. ಸದ್ದು ಅಂತ ಪಕ್ಕದವರು ದಿನಾ ಬೈತಿದ್ರು. ಇಳಿಸಿದ ಮೇಲೆ ಸದ್ದು ತಗ್ಗಿತು, ಎಂಜಿನ್ ಆರಿಸಿರಬೇಕು ಅಂದ್ಕೊಂಡೆ. ಇಳಿಸಿದ ರೀತಿ ಮಾತ್ರ ಆಮೇಲೆ, ಎಲ್ಲ ಆದ ಮೇಲೆ, ನಿದ್ದೆ ಕೊಡಲಿಲ್ಲ." ಆಕೆ ತನ್ನ ಎರಡೂ ಅಂಗೈಗಳನ್ನು ಮೇಲೆತ್ತಿ, ಭಾರದ್ದೇನೋ ಹಿಡಿದವಳ ಹಾಗೆ ಮೆಲ್ಲಗೆ ಕೆಳಗೆ ತಂದಳು. "ಆ ಶಟರ್ ಎಳೆದ್ರೆ ಬೀದಿಗೆಲ್ಲ ಕೇಳುತ್ತೆ. ಅವನು ಎಳೀಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಇಂಚು ಇಂಚಾಗಿ ಇಳಿಸಿದ. ಸದ್ದಾಗದ ಹಾಗೆ."

"ಸುಳ್ಳು," ಅಂದಳು ತಾಯಿ. ಎದ್ದು ನಿಂತಿದ್ದಳು. "ನನ್ನ ಮಗ ಮನೇಲಿ ಮಲಗಿದ್ದ. ಮೇಡಂ, ನಿಮಗೆ ಹೇಳಿದೀನಲ್ಲ. ನೀವಾದ್ರೂ ಹೇಳಿ ಇವರಿಗೆ."

ಮೇಡಂ ಅವಳ ಮುಖ ನೋಡಿದರು. ಎಲ್ಲರ ಮಾತನ್ನೂ ಎರಡೆರಡು ಸಲ ಜರಡಿ ಹಿಡಿದವರು, ಇವಳ ಮಾತನ್ನು ಮಾತ್ರ ಒಂದು ಸಲವೂ ಹಿಡಿದಿರಲಿಲ್ಲ. ಅಕ್ಕಪಕ್ಕದಲ್ಲಿ ವಿಚಾರಿಸಿರಲಿಲ್ಲ. ಭಾನುವಾರ ಇವಳಿಗೆ ಆಸ್ಪತ್ರೆಯಲ್ಲಿ ಕೆಲಸವಿತ್ತೋ ಇಲ್ಲವೋ ಅಂತ ಕೂಡ ಕೇಳಿರಲಿಲ್ಲ. ಈಗ ಕೇಳಲು ಬಾಯಿ ಬರಲಿಲ್ಲ.

ಕಾನ್‌ಸ್ಟೇಬಲ್ ತನಗೆ ಅರಿವಿಲ್ಲದೆಯೇ ಹುಡುಗನ ತೋಳನ್ನು ಹಿಡಿದುಕೊಂಡಿದ್ದ. ಬೆಳಿಗ್ಗೆ ನಿರ್ಲಕ್ಷ್ಯದ ಆರೋಪ ಹೊತ್ತು ಬಂದವನು ಅವನು. ಇನ್ಸ್‌ಪೆಕ್ಟರ್ ಆಗಲೇ ಹಾಳೆ ತಿರುವಿ ಹೊಸ ಪುಟದಲ್ಲಿ ಬೇರೆ ಏನೋ ಬರೆಯಲು ಶುರುಮಾಡಿದ್ದರು.

"ಹೇಳಪ್ಪ," ಅಂದರು ಮೇಡಂ. ಅವರ ದನಿಯನ್ನು ಅವರೇ ಗುರುತಿಸದಷ್ಟು ಅದು ಮೆತ್ತಗಾಗಿತ್ತು. "ಸೊಸೆ ಹೇಳ್ತಿರೋದು ಸುಳ್ಳು ಅಂತ ಹೇಳು. ಒಂದು ಮಾತು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೆಕ್ಯಾನಿಕ್ ಆ ಬೆಳಿಗ್ಗೆ ಮೊದಲ ಸಲ ತಲೆ ಎತ್ತಿದ. ಮೇಡಮ್ಮನ್ನು ನೋಡಲಿಲ್ಲ. ಸೊಸೆಯನ್ನೂ ನೋಡಲಿಲ್ಲ.

"ಅಮ್ಮ," ಅಂದ. "ನೀನು ಮನೆಗೆ ಹೋಗು."